ಹಳೆಯ ಅರದ ಉಳಿ

ಹಲೋ… ಹಲೋ, ಯಾರು ಮಾತಾಡುವುದು?… ಹಾಂ, ವಸ್ತಾರೆಯೇ. ಸೋಮಶೇಖರಪ್ಪನೇ ಮಾತಾಡುತ್ತಿರುವುದು. ತಾವು ಯಾರು?…

ಯಾವ ಸುಪ್ರಿಯಾ?… ಓ, ಸಂಸೆಯ ಸುಪ್ರಿಯಾ. ಶಾಂತಕುಮಾರಿಯ ಮಗಳು. ನಮ್ಮ ಶಿವಯ್ಯಣ್ಣನ ಮೊಮ್ಮಗಳು ಎಂದು ಮೊದಲೇ ಹೇಳಬಾರದಿತ್ತೇನಮ್ಮ? ಯಾವುದೋ ಬ್ಯಾಂಕಿನ ಹುಡುಗಿ ಇರಬೇಕು ಎಂದುಕೊಂಡು ನಾನು ಬಹುವಚನ ಹಚ್ಚುತ್ತಿದ್ದೇನೆ. ಹೇಳು, ಚಿಕ್ಕಜ್ಜನ ನೆನಪು ಹೇಗೆ ಬಂತು?…

ಯಾವುದು, ಆ ಮರಿಗೆಯೇ? ನಾನು ಕಡೆದ ಮರಿಗೆಯ ವಿಷಯವೇ?… ಅದನ್ನು ಕೇಳಲು ಬೆಳಗ್ಗೆ ಒಂಬತ್ತು ಗಂಟೆಗೆ ಫೋನು ಮಾಡಿದೆಯಲ್ಲ, ಸಂತೋಷ. ಕೇಳು. ಸಾವಿರದ ಒಂಬೈನೂರ ಐವತ್ತಮೂರನೆಯ ಇಸವಿ. ನನಗೆ ಇಪ್ಪತ್ತಮೂರು ವರ್ಷ. ಬಾಳೂರಿನ ಎಸ್ಟೇಟಿನ ಹಳೆಯ ಶೆಡ್ಡಿನಲ್ಲಿ, ಗಾಡಿಯ ಚಕ್ರಕ್ಕೆ ಹಗ್ಗ ಹೂಡಿ, ಕೈಯಿಂದ ತಿರುಗಿಸುವ ಲೇತ್ ಕಟ್ಟಿ, ಹಲಸಿನ ಒಂದೇ ಕೊರಡಿನಲ್ಲಿ ಮೊಳಕ್ಕೆ ಎರಡೇ ಬೆರಳು ಕಡಿಮೆ ಅಗಲದ ಮರಿಗೆಯನ್ನು ಕಡೆದೆ. ಅಷ್ಟು ದೊಡ್ಡ ಮರದ ಬಟ್ಟಲನ್ನು ಬಾಚಿಯಿಂದ ಕೆತ್ತುವವರು ಇದ್ದರು. ಲೇತಿನ ಮೇಲೆ ಕಡೆದವರು ನಮ್ಮ ಸುತ್ತಿನಲ್ಲಿ ಒಬ್ಬರೂ ಇರಲಿಲ್ಲ. ಇಂಗ್ಲೆಂಡಿನ ಉಳಿಗೆ ಎರಡು ತಿಂಗಳ ಸಂಬಳ ಕೊಡಬೇಕಿತ್ತು. ನನ್ನ ಜೇಬಿನಲ್ಲಿ ಎರಡು ದಿನದ್ದೂ ಇರಲಿಲ್ಲ. ಆಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮೂಲೆಗೆ ಎಸೆದಿದ್ದ ಒಂದು ಸವೆದ ಅರವನ್ನು, ಕತ್ತಿ ಮಸೆದು ಮಸೆದು ಹಲ್ಲೆಲ್ಲ ಹೋಗಿದ್ದ ಅರವನ್ನು, ಆರು ದಿನ ಸಾಣೆಕಲ್ಲಿಗೆ ಹಿಡಿದು, ನಡುವೆ ಕಾಲುವೆ ತೋಡಿ, ಉಳಿ ಮಾಡಿಕೊಂಡೆ. ಅದೊಂದೇ ಉಳಿಯಲ್ಲಿ ಹತ್ತೊಂಬತ್ತು ದಿನ ಕೆಲಸ. ಹತ್ತೊಂಬತ್ತನೆಯ ದಿನ ಮರಿಗೆ ಲೇತಿನಿಂದ ಕೆಳಗಿಳಿಯಿತು. ಚಿಕ್ಕಮಗಳೂರಿನ ಪ್ರದರ್ಶನದಲ್ಲಿ ಮೊದಲನೆಯ ಬಹುಮಾನ. ಆ ಬಹುಮಾನವನ್ನು ನೋಡಿಯೇ ನನ್ನನ್ನು ಮರಗೆಲಸದ ಮೇಷ್ಟ್ರ ಹುದ್ದೆಗೆ ಕರೆದರು. ಮುಂದೆ ಮೂವತ್ತನಾಲ್ಕು ವರ್ಷ…

ಏನು?… ಕತೆ ಕೇಳಲು ಅಲ್ಲವೇ?… ಮತ್ತೆ ಮರಿಗೆ ಎಂದೆಯಲ್ಲ… ಹಾಗಾದರೆ ನಾನೇ ಹೇಳಿಕೊಂಡು ಹೋದೆನೋ. ಸರಿ ಸರಿ, ನಗಬೇಡ ಮಾರಾಯ್ತಿ. ಮುದುಕರ ಮುಂದೆ ಒಂದು ಮಾತು ಬೀಳಿಸಿದರೆ ಹೀಗೆಯೇ. ನಿನ್ನ ಕೆಲಸ ಹೇಳು…

ಎಷ್ಟು ಮರಿಗೆ?… ಇಪ್ಪತ್ತು. ಕಳಸದ ಹತ್ತಿರ ಹೊಸದಾಗಿ ಅತಿಥಿಗೃಹ ಮಾಡಿದವರಿಗೆ. ಹಣ್ಣು ಇಟ್ಟು ಕೊಡಲು, ಅಲ್ವಾ? ಒಳ್ಳೆಯದಾಯಿತು. ಹಲಸು ತಾನೇ?… ಹಾಂ, ಹಸಿ ಮರ ಬೇಡ, ಬಿರುಕು ಬಿಡುತ್ತದೆ… ಒಣಗಿದೆ ಎಂದರೆ ಆಯಿತು. ಉಳಿ?… ಅಂದರೆ ಈಗ ನಿಮ್ಮ ಹತ್ತಿರ ಸರಿಯಾದ ಉಳಿಯೇ ಇಲ್ಲ. ಅದನ್ನು ಕೊಳ್ಳುವುದು ಹೇಗೆ ಎಂಬುದು ನಿನ್ನ ಪ್ರಶ್ನೆ…

ಚಿಕ್ಕಮಗಳೂರಿಗೆ ಹೋಗುವ ಪಕ್ಕದ ಎಸ್ಟೇಟಿನ ಜೀಪು ಎಷ್ಟು ಹೊತ್ತಿಗೆ ಹೊರಡುತ್ತದೆ?… ಹತ್ತು ನಿಮಿಷಕ್ಕೆ? ಡ್ರೈವರನ ಕೈಗೆ ಚೀಟಿ ಕೊಡಬೇಕೇ? ಹತ್ತು ನಿಮಿಷ ಇಟ್ಟುಕೊಂಡು ನನಗೆ ಫೋನು ಮಾಡುತ್ತೀಯಲ್ಲ, ನಿನ್ನೆಯೇ ಏನಾಗಿತ್ತು?… ನಿನ್ನೆ ಲೈನು ಸತ್ತಿತ್ತೇ. ಸರಿ. ಕಾಗದ, ಪೆನ್ಸಿಲು ತೆಗೆದುಕೋ. ಇರುವ ದುಡ್ಡು ಎಷ್ಟಕ್ಕೆ ಸಾಕಾಗುತ್ತದೆ?…

ಒಂದು ಒಳ್ಳೆಯ ಉಳಿಗೆ ಸಾಕು, ಎರಡಕ್ಕೆ ಸಾಲದು. ಅದೇ ದುಡ್ಡಿಗೆ ಎಂಟು ಉಳಿಗಳ ಪೆಟ್ಟಿಗೆ ಸಿಗುತ್ತದೆ ಎಂದು ಅಂಗಡಿಯವನು ಹೇಳಿದ್ದಾನೆ… ಗೊತ್ತಮ್ಮ, ನಾನು ನೋಡಿದ್ದೇನೆ ಆ ಪೆಟ್ಟಿಗೆಯನ್ನು. ಕೆಂಪು ಬಣ್ಣದ ಹಿಡಿ, ಒಳಗೆ ಮಖಮಲ್ಲು, ಮದುವೆಗೆ ಉಡುಗೊರೆ ಕೊಡುವ ಹಾಗಿರುತ್ತದೆ. ಅದರಲ್ಲಿ ಆರು ಉಳಿ ನಿಮಗೆ ಬೇಕಾಗುವುದಿಲ್ಲ. ಉಳಿದ ಎರಡು ಕೆಲಸಕ್ಕೆ ಬರುವುದಿಲ್ಲ. ಬೇಡ…

ಹೌದು, ಒಂದೇ ತೆಗೆದುಕೊಳ್ಳಿ. ಒಂದರಲ್ಲೇ ಇಪ್ಪತ್ತನ್ನೂ ಕಡೆಯಬಹುದು. ಬರೆದುಕೋ. ದುಂಡು ಸರಳಿನಿಂದ ಮಾಡಿದ ಗೌಜ್, ಅಂದರೆ ನಡುವೆ ಕಾಲುವೆ ಇರುವ ಉಳಿ. ಬಟ್ಟಲು ಕಡೆಯುವ ಗೌಜ್ ಎಂದು ಹೇಳಿ ಕೇಳಬೇಕು. ಅರ್ಧ ಇಂಚು ದಪ್ಪ, ಕಾಲುವೆ ಆಳವಾಗಿರಬೇಕು. ಹೈ ಸ್ಪೀಡ್ ಉಕ್ಕು ಎಂದು ಸರಳಿನ ಮೇಲೆ ಅಚ್ಚು ಇರುತ್ತದೆ. ಅಚ್ಚು ಇಲ್ಲದಿದ್ದರೆ, ಹಿಂಭಾಗವನ್ನು ಒಂದು ಕ್ಷಣ ಗ್ರೈಂಡರಿಗೆ ಮುಟ್ಟಿಸಿ ತೋರಿಸು ಎನ್ನಲಿ. ಕಿಡಿ ಮಂಕಾಗಿ ಕೆಂಪಗೆ ಬಂದರೆ ಅದು ಹೈ ಸ್ಪೀಡ್. ಬೆಳ್ಳಗೆ ಸಿಡಿದು ಹೂವಿನ ಹಾಗೆ ಅರಳಿದರೆ ಸಾದಾ ಉಕ್ಕು… ಸಾದಾ ಉಕ್ಕೂ ಕೆಟ್ಟದ್ದೇನಲ್ಲ. ಮಸೆಯುವಾಗ ನೀಲಿಗಟ್ಟಿದರೆ ಹದ ಹೋಯಿತು, ಹೆಜ್ಜೆಹೆಜ್ಜೆಗೆ ನೀರಿನಲ್ಲಿ ಅದ್ದಬೇಕು. ಅಷ್ಟು ತಾಳ್ಮೆ ನಿಮ್ಮ ವಯಸ್ಸಿನವರಿಗೆ ಇಲ್ಲ. ಅದಕ್ಕೇ ಹೇಳಿದೆ…

ಬೆಲೆ ಹೆಚ್ಚಾದರೆ ಹಿಡಿ ಇಲ್ಲದ್ದು ಕೇಳಿ. ಬರಿಯ ಸರಳಿಗೆ ಬಹಳ ಕಡಿಮೆ ಆಗುತ್ತದೆ. ಕಟ್ಟಿಗೆಯ ಹಿಡಿಗೆ ದುಡ್ಡು ಕೊಡಲು ನೀವೇನು ಪೇಟೆಯವರೇ? ಕಿತ್ತು ಹಾಕಿದ ರೊಬಸ್ಟಾ ಗಿಡದ ಬೊಡ್ಡೆ ಅಂಗಳದಲ್ಲಿ ಬಿದ್ದಿರುವುದಿಲ್ಲವೇ, ಅದರಲ್ಲಿ ಮಾಡಿಕೊಳ್ಳಿ. ಹಿಡಿ ಉದ್ದ ಇರಲಿ, ಮೊಳಕ್ಕಿಂತ ಉದ್ದ. ಇನ್ನೊಂದು ಮಾತು. ಸೀಳಿದ ಬಿದಿರಿನ ಹಾಗೆ ಅಗಲವಾಗಿರುವ ಗೌಜ್ ಒಂದು ಬರುತ್ತದೆ. ಅಗ್ಗಕ್ಕೆ ಕೊಡುತ್ತೇನೆ ಎಂದರೂ ಮುಟ್ಟಬೇಡಿ. ಅದು ತೊಟ್ಟಿಲ ಕಂಬ ಕಡೆಯುವುದಕ್ಕೆ. ಹಿಡಿಯೊಳಗೆ ಹೋಗುವ ಅದರ ಬಾಲ ತೆಳ್ಳಗೆ, ಬಟ್ಟಲಿನ ನಾರಿಗೆ ಸಿಕ್ಕಿಕೊಂಡರೆ…

ನಾನು ಮಾತಾಡುತ್ತಿರುವಾಗ ಅದೇನು ಸದ್ದು?…

ಅಲ್ಲ, ಜೀಪಿನದ್ದಲ್ಲ. ಹಿಂದೆ ಒಂದೇ ಸಮನೆ ಗುಂಯ್ ಎನ್ನುತ್ತಿದೆ, ನಡುನಡುವೆ ಕಟಕಟ ಎನ್ನುತ್ತಿದೆ… ಫೋನನ್ನು ಸ್ವಲ್ಪ ಕಿಟಕಿಯ ಕಡೆ ಹಿಡಿ… ಹಾಂ. ಲೇತ್ ಓಡುತ್ತಿದೆ. ಯಾರು ಕಡೆಯುತ್ತಿರುವುದು?…

ವಿಶ್ವನಾಥನೇ? ನಿನ್ನ ಅಣ್ಣನೇ? ಯಾವುದರಲ್ಲಿ ಕಡೆಯುತ್ತಿದ್ದಾನೆ? ಉಳಿಯೇ ಇಲ್ಲ, ಕೊಳ್ಳಬೇಕು ಎಂದೆಯಲ್ಲ ಈಗ ತಾನೇ…

ಏನು ಎಂದೆ? ಇನ್ನೊಮ್ಮೆ ಹೇಳು…

ಅರವೇ?…

ಸುಪ್ರಿಯಾ, ಸರಿಯಾಗಿ ಕೇಳಿಸಿಕೊಂಡು ಉತ್ತರ ಕೊಡು. ಆ ಅರವನ್ನು ಆಚಾರಿಯ ಹತ್ತಿರ ಬೆಂಕಿಗೆ ಹಾಕಿಸಿದನೇ, ಅಥವಾ ಹಾಗೆಯೇ ತಣ್ಣಗೆ ಗ್ರೈಂಡರಿಗೆ ಹಿಡಿದು ಉಳಿ ಮಾಡಿಕೊಂಡನೇ?… ತಣ್ಣಗೇ. ಯಾರು ಹೇಳಿಕೊಟ್ಟರು ಅವನಿಗೆ ಇದನ್ನು?…

ನಾನೇ?…

ಹೌದು. ದೀಪಾವಳಿಯಲ್ಲಿ ನಿಮ್ಮ ಮನೆಯ ಜಗಲಿಯ ಮೇಲೆ ಕೂತು ಹೇಳಿದೆ. ಅವನು ಎರಡು ಸಲ ಕೇಳಿದ, ಎಷ್ಟು ದಿನ ತೇಯ್ದಿರಿ, ಯಾವ ಕಲ್ಲಿನಲ್ಲಿ ತೇಯ್ದಿರಿ ಎಂದು. ನನಗೆ ಹೆಮ್ಮೆಯಾಯಿತು. ಇಲ್ಲ, ಅದು ಈಗ ಬೇಡ. ಈಗಲೇ ಹೋಗಿ ನಿಲ್ಲಿಸು ಎನ್ನು. ನಾನು ಹೇಳಿದೆ ಎನ್ನು. ಫೋನು ಇಡಬೇಡ, ಹಾಗೇ ಕಿಟಕಿಯ ಮೇಲೆ ಇಟ್ಟು ಹೋಗು…

…

ಹಲೋ… ಹಾಂ, ಹೇಳು. ಸದ್ದು ಇನ್ನೂ ನಿಂತಿಲ್ಲವಲ್ಲ… ಏನೆಂದ?… ಇದೊಂದು ಮುಗಿಸಿ ಬರುತ್ತೇನೆ ಎಂದನೇ?… ಮತ್ತೆ?… ಚಿಕ್ಕಜ್ಜ ಕಡೆದರೆ ಬಹುಮಾನ, ನಾನು ಕಡೆದರೆ ತಪ್ಪಾ ಎಂದನೇ. ಬಾಯಿ ಮಾತ್ರ ಅವನ ಅಜ್ಜನದ್ದಲ್ಲ…

ಅಮ್ಮಾ, ನೋಡು, ಇದು ನಮ್ಮ ಕಡೆಯವರೆಲ್ಲ ಮಾಡುವ ತಪ್ಪು. ಅರದ ಉಕ್ಕಿನ ಕತ್ತಿ ಮೂರು ತಲೆಮಾರು ಬಾಳುತ್ತದೆ ಎಂದು ಪ್ರತಿಯೊಂದು ತೋಟದ ಮೇಸ್ತ್ರಿಯೂ ಹೇಳುತ್ತಾನೆ. ಬಾಳುತ್ತದೆ, ಸುಳ್ಳಲ್ಲ. ಆಚಾರಿ ಅದನ್ನು ಕೆಂಡದಲ್ಲಿ ಮೆತ್ತಗೆ ಮಾಡಿ, ಬಡಿದು, ಮತ್ತೆ ಹದ ಕೊಟ್ಟಿರುತ್ತಾನೆ. ಬೆಂಕಿ ಕಾಣದ ಅರ ಗಾಜು. ಅಲಗು ಚೆನ್ನಾಗಿ ನಿಲ್ಲುತ್ತದೆ, ಬೆಣ್ಣೆಯ ಹಾಗೆ ಕಡೆಯುತ್ತದೆ, ಅದರಿಂದಲೇ ಮೋಸ ಹೋಗುವುದು. ಬಾಗುವ ಗುಣವೇ ಅದಕ್ಕಿಲ್ಲ. ಮರದ ನಾರಿಗೆ ಒಮ್ಮೆ ಸಿಕ್ಕಿಕೊಂಡರೆ ಎರಡು ತುಂಡು. ತುಂಡು ಎಲ್ಲಿಗೆ ಹಾರುತ್ತದೆ ಎಂದು ಯಾರೂ ಹೇಳಲಾರರು… ಕಣ್ಣಿಗೆ ಕನ್ನಡಕವಾದರೂ ಹಾಕಿದ್ದಾನೆಯೇ?… ಇಲ್ಲ…

ಮರಿಗೆ ಎಷ್ಟು ಆಳಕ್ಕೆ ಹೋಗಿದೆ?… ಒಳಗೆ ಕಡೆಯುತ್ತಿದ್ದಾನೆಯೇ, ಹೊರಗೇ?… ಒಳಗೆ. ಆ ಕಟಕಟ ಸದ್ದು ಕೇಳುತ್ತಿದೆಯಲ್ಲ, ಅದು ಯಾಕೆಂದು ಗೊತ್ತೇ? ಉಳಿಯನ್ನು ಊರಿರುವ ಕಬ್ಬಿಣದ ಪಟ್ಟಿ ದೂರವಾಗಿದೆ. ಆಳ ಹೋದ ಹಾಗೆಲ್ಲ ಪಟ್ಟಿಯನ್ನು ಮುಂದೆ ತರಬೇಕು, ಅವನು ತಂದಿಲ್ಲ. ಗೇಣುದ್ದದ ಅರ ಗಾಳಿಯಲ್ಲಿ ನಿಂತು ಮರವನ್ನು ಕಚ್ಚುತ್ತಿದೆ. ಮೊದಲಿಗಿಂತ ಜೋರಾಗಿದೆ ಸದ್ದು. ನೀನು ಹೋಗಿ ಮೇನ್ ಸ್ವಿಚ್ ಎಳೆದುಬಿಡು…

ಬೈಯುತ್ತಾನೆ ಎಂದು ಹೆದರುತ್ತೀಯಾ?… ಒಮ್ಮೆ ಹಾಗೆ ಎಳೆದಿದ್ದಕ್ಕೆ ನಾಲ್ಕು ದಿನ ಮಾತು ಬಿಟ್ಟನೇ. ಬಿಡಲಿ…

ಹಾಂ?…

ಏನು ಕೇಳಿದೆ?…

ನನ್ನದು ಹತ್ತೊಂಬತ್ತು ದಿನ ಮುರಿಯಲಿಲ್ಲವಲ್ಲ ಎಂದು ಕೇಳುತ್ತೀಯಾ. ಅದು… ಅದು ಬೇರೆ ಸಂಗತಿ ಅಮ್ಮಾ. ನಮ್ಮದು ಕೈಲೇತು, ನಿಧಾನ. ನಿಮ್ಮದು ಮೋಟಾರಿನದ್ದು. ಅಲ್ಲದೆ ನನಗೆ ಅಭ್ಯಾಸ ಇತ್ತು, ನನ್ನ ಕೈ…

ಸುಮ್ಮನೆ ಹೆದರಿಸುತ್ತಿಲ್ಲ…

ಸುಪ್ರಿಯಾ. ಮುರಿಯಿತು.

ಹೌದು. ನನ್ನದೂ ಮುರಿಯಿತು. ಹತ್ತೊಂಬತ್ತನೆಯ ದಿನ. ಮರಿಗೆ ಲೇತಿನಿಂದ ಕೆಳಗಿಳಿಯಿತು ಎಂದು ಹೇಳುತ್ತೇನಲ್ಲ, ಅದು ಮುಗಿದು ಇಳಿದದ್ದಲ್ಲ. ಕಡೆಯಲು ಉಳಿಯೇ ಉಳಿಯಲಿಲ್ಲ. ಅಂದು ಎದುರಿಗೆ ನಿಂತು ಚಕ್ರ ತಿರುಗಿಸುತ್ತಿದ್ದವನು ನಿನ್ನ ಅಜ್ಜ. ನನ್ನ ದೊಡ್ಡಪ್ಪನ ಮಗ, ನನ್ನ ಅಣ್ಣ. ಮುರಿದ ತುಂಡು ಅವನ ಎಡಗಣ್ಣಿಗೆ ಹೋಯಿತು… ಇಲ್ಲ ಮಗಳೇ, ಬಿದಿರಲ್ಲ. ಬಿದಿರು ಸೀಳುವಾಗ ತಾಗಿದ್ದಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ತಿಳಿದಿರುವುದು ಸುಳ್ಳು. ಆ ಸುಳ್ಳಿನ ಮೇಲೆ ನಿಂತು ನಾನು ಐವತ್ತು ವರ್ಷ ಕತೆ ಹೇಳಿದೆ. ಈಗ ಹೋಗು…

ಓಡು. ಆದರೆ ಹಿಂದಿನಿಂದ ಕೂಗಬೇಡ, ಭುಜ ಮುಟ್ಟಬೇಡ, ಬೆಚ್ಚಿದರೆ ಉಳಿ ಸಿಕ್ಕಿಕೊಳ್ಳುತ್ತದೆ. ಅವನ ಕಡೆ ನೋಡಬೇಡ. ಗೋಡೆಯ ಮೇನ್ ಸ್ವಿಚ್, ಅಷ್ಟೇ. ಮರಿಗೆಯ ಎದುರಿನ ಕಡೆಯಿಂದ ಹೋಗಬೇಡ, ಗೋಡೆ ಹಿಡಿದು ಹೋಗು…

…

ಹೋದಳು…

…

ಜೋರಾಗಿದೆ. ಪಟ್ಟಿಯನ್ನು ಮುಂದೆ ತಾರೋ ಮಾರಾಯ, ಪಟ್ಟಿಯನ್ನು ಮುಂದೆ ತಾ… ಹಿಡಿ ಕೆಳಗೆ ಮಾಡು… ಯಾರಿಗೆ ಕೇಳಿಸುತ್ತದೆ ಇದು…

…

ಇನ್ನೂ ಓಡುತ್ತಿದೆ. ಎಷ್ಟು ದೂರ ಇದೆ ಆ ಗೋಡೆ… ಹದಿನೈದು ಹೆಜ್ಜೆ ಇಲ್ಲವಲ್ಲ…

…

ಈಗ… ಈಗ ಇಳಿಯುತ್ತಿದೆಯೇ? ಹಾಂ, ಇಳಿಯುತ್ತಿದೆ. ಮೋಟಾರು ಇಳಿಯುತ್ತಿದೆ. ಇನ್ನೂ ತಿರುಗುತ್ತದೆ ಅದು, ಭಾರದ ಕೊರಡು, ತಾನಾಗಿ ನಿಲ್ಲಬೇಕು. ಕೈ ಹಿಂದೆ ತೆಗೆದುಕೊಂಡನೋ ಇಲ್ಲವೋ…

…

ಹಲೋ… ಸುಪ್ರಿಯಾ… ಯಾಕೆ ಎಲ್ಲ ಸದ್ದು ನಿಂತಿತು? ಹಲೋ, ಯಾರಾದರೂ ಮಾತಾಡಿ…

ಯಾರು, ವಿಶ್ವನಾಥನೇ?… ನೀನೇ ತಾನೇ? ಕಣ್ಣು, ಮುಖ, ಕೈ, ಎಲ್ಲ… ಏನೂ ಆಗಿಲ್ಲ ತಾನೇ? ಒಮ್ಮೆ ಬಾಯಿ ಬಿಟ್ಟು ಹೇಳು… ಹಾಂ. ಸರಿ. ಒಂದು ನಿಮಿಷ ತಾಳು, ನಾನು ಕುರ್ಚಿಯಲ್ಲಿ ಕೂತುಕೊಳ್ಳುತ್ತೇನೆ…

ಬೈದುಕೋ. ಮೊದಲು ಎಲ್ಲ ಬೈದು ಮುಗಿಸು, ಆಮೇಲೆ ನಾನು ಮಾತಾಡುತ್ತೇನೆ…

ಮರಿಗೆಯ ಒಳಗೆ ಗೀರು ಬಿದ್ದಿತೇ? ಬೀಳಲಿ. ಅಂಥ ಗೀರನ್ನು ಕೆರೆದು ತೆಗೆಯುವುದು ಹೇಗೆಂದು ಈ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ… ಅದು ಹೆಮ್ಮೆಯಿಂದ ಹೇಳಿದ್ದಲ್ಲ…

ಸುಪ್ರಿಯಾ ಏನು ಹೇಳಿದಳು ನಿನಗೆ?… ಏನೂ ಹೇಳದೆ ಅಳುತ್ತಿದ್ದಾಳೆಯೇ. ಹಾಗಾದರೆ ನಾನೇ ಹೇಳಬೇಕು. ಅದಕ್ಕೆ ಮೊದಲು ಒಂದು ಕೆಲಸ ಮಾಡು. ನನ್ನನ್ನು ನಂಬಬೇಡ, ಆ ಉಳಿಯನ್ನೇ ಕೇಳು. ವೈಸಿನಲ್ಲಿ ಅದನ್ನು ಬಿಗಿದು ಹಿಡಿ, ಅಲಗಿನ ಕಡೆ ಹೊರಗೆ ಇರಲಿ. ಮೇಲೆ ದಪ್ಪ ಗೋಣಿ ಹೊದಿಸು, ಎರಡು ಪದರ. ಮುಖ ಆ ಕಡೆ ತಿರುಗಿಸಿಕೋ. ಸುತ್ತಿಗೆಯಿಂದ ಒಮ್ಮೆ ತಟ್ಟು. ಜೋರಾಗಿ ಬೇಡ, ಕೊಬ್ಬರಿ ಒಡೆಯುವಷ್ಟು ಸಾಕು… ಎರಡು ದಿನ ಕೂತು ತೇಯ್ದಿದ್ದೀಯಾ, ತಿಳಿಯಿತು. ನಾನು ಆರು ದಿನ ತೇಯ್ದವನು. ಹೋಗು…

…

ಹಾಂ, ಕೇಳಿಸಿತು. ನನಗೂ ಕೇಳಿಸಿತು…

ಎಷ್ಟು ತುಂಡು?… ಮೂರು. ಒಂದು ಗೋಣಿಯನ್ನೂ ಹರಿದಿದೆಯೇ. ಒಡೆದ ಕಡೆ ನೋಡು, ಸಕ್ಕರೆಯ ಹಾಗೆ ಕಾಳುಕಾಳಾಗಿ ಹೊಳೆಯುತ್ತದೆ… ಹಾಗೆಯೇ ಇತ್ತು ನನ್ನದೂ. ಅದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ನಿನ್ನ ಅಜ್ಜ ನೆಲದ ಮೇಲೆ ಕೂತಿದ್ದ, ನಾನು ತುಂಡನ್ನು ನೋಡುತ್ತ ನಿಂತಿದ್ದೆ…

ಹೌದು. ನಿನ್ನ ಅಜ್ಜನೇ. ಶಿವಯ್ಯಣ್ಣನ ಎಡಗಣ್ಣು ಹೋದದ್ದು ಆ ಉಳಿಯಿಂದ. ನನ್ನ ಉಳಿಯಿಂದ…

ಕೇಳು, ಕೇಳುವುದು ನ್ಯಾಯವೇ. ಅವನು ಯಾಕೆ ಬಿದಿರು ಎಂದ? ಎಸ್ಟೇಟಿನ ಶೆಡ್ಡು ಅದು, ನಾವು ಹೇಳದೆ ಕೇಳದೆ ಲೇತ್ ಹೂಡಿದ್ದೆವು. ಗೊತ್ತಾದರೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದರು, ಮರಿಗೆಯೂ ಅಲ್ಲಿಯೇ ಉಳಿಯುತ್ತಿತ್ತು. ಪ್ರದರ್ಶನಕ್ಕೆ ನಾಲ್ಕೇ ದಿನ ಇತ್ತು. ಜೀಪಿನಲ್ಲಿ ಮೂಡಿಗೆರೆಯ ಆಸ್ಪತ್ರೆಗೆ ಮಲಗಿಸಿಕೊಂಡು ಹೋಗುವಾಗ, ಕಣ್ಣಿಗೆ ಪಂಚೆ ಕಟ್ಟಿತ್ತು, ಅವನೇ ಹೇಳಿದ: ಸೋಮಣ್ಣ, ಬಿದಿರು ಸೀಳ್ತಿದ್ದೆ ಅಂತೀನಿ ನಾನು, ನೀನು ಬಾಯಿ ಬಿಡಬೇಡ, ಮರಿಗೆ ತಗೊಂಡು ಹೋಗು. ನಾನು ಬಾಯಿ ಬಿಡಲಿಲ್ಲ. ಅವನು ಆಸ್ಪತ್ರೆಯಲ್ಲಿದ್ದ ಮೂರು ದಿನ ನಾನು ಆ ಮರಿಗೆಯೊಳಗಿನ ಗೀರನ್ನು ಗಾಜಿನ ಚೂರಿನಿಂದ ಕೆರೆದು ಕೆರೆದು ನಯ ಮಾಡಿದೆ. ಆಮೇಲೆ ಎಣ್ಣೆ ಹಚ್ಚಿದೆ. ಬಹುಮಾನ ಬಂತು…

ಒಂದೇ ಒಂದು ಸಲವೂ ಇಲ್ಲ. ಅವನು ತೀರಿಕೊಳ್ಳುವವರೆಗೆ, ಎಂಬತ್ತೊಂಬತ್ತನೆಯ ಇಸವಿಯವರೆಗೆ, ನನ್ನನ್ನು ಒಂದು ಮಾತು ಅನ್ನಲಿಲ್ಲ. ಹಬ್ಬಕ್ಕೆ ನಿಮ್ಮ ಮನೆಗೆ ಬಂದಾಗಲೆಲ್ಲ ಅವನ ಎದುರಿಗೇ ಕೂತು ಆ ಕತೆಯನ್ನು ಹೇಳಿದ್ದೇನೆ. ಹತ್ತೊಂಬತ್ತನೆಯ ದಿನ ಎಂದು ನಾನು ಹೇಳುವ ಹೊತ್ತಿಗೆ ಅವನು ಎದ್ದು ಕಾಫಿ ಹೇಳಲು ಒಳಗೆ ಹೋಗುತ್ತಿದ್ದ. ಪ್ರತಿ ಸಲ. ಅವನಿಗೆ ಕೇಳಿ ಕೇಳಿ ಬೇಸರವಾಗಿದೆ ಎಂದು ನಾನು ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳುವುದು ನನಗೆ ಅನುಕೂಲವಾಗಿತ್ತು…

ಬೈಯುವುದಿಲ್ಲವೇ ನೀನು?…

ಇಲ್ಲ, ಸಮಾಧಾನ ಹೇಳಬೇಡ. ಬೈದಿದ್ದರೆ ಚೆನ್ನಾಗಿತ್ತು…

ಜೀಪು? ಹಾರ್ನ್ ಕೇಳಿಸುತ್ತಿದೆ… ನೀನೇ ಹೋಗುತ್ತೀಯಾ ಚಿಕ್ಕಮಗಳೂರಿಗೆ? ಚೀಟಿ ಅವಳ ಕೈಯಲ್ಲಿದೆ, ತೆಗೆದುಕೋ. ಪೆಟ್ಟಿಗೆ ಬೇಡ, ಒಂದೇ ಉಳಿ. ಬಗ್ಗಿಸಿದರೆ ಬಗ್ಗಬೇಕು, ಒಡೆಯಬಾರದು ಎಂದು ಅಂಗಡಿಯವನಿಗೆ ಹೇಳು. ಅವನು ನಕ್ಕರೆ ನಗಲಿ. ಒಂದು ಕನ್ನಡಕ, ಮುಖ ಮುಚ್ಚುವಂಥದ್ದು. ದುಡ್ಡು ಸಾಲದಿದ್ದರೆ ಮೊದಲು ಕನ್ನಡಕ ಕೊಂಡು, ಉಳಿಯನ್ನು ಮುಂದಿನ ವಾರಕ್ಕೆ ಬಿಡು. ನನ್ನ ಹತ್ತಿರವೇ ಇದ್ದಿದ್ದರೆ ಕೊಡುತ್ತಿದ್ದೆ. ನನ್ನವನ್ನೆಲ್ಲ ನಿವೃತ್ತಿಯ ದಿನ ಸ್ಕೂಲಿಗೇ ಬಿಟ್ಟು ಬಂದೆ…

ಏನು, ಹೋಗುವುದಿಲ್ಲವೇ? ಈಗ ತಾನೇ ಹೋಗುತ್ತೇನೆ ಎಂದೆ…

ಜೀಪು ಹೋಗಲಿ ಎಂದೆಯಾ. ಯಾಕಪ್ಪ?…

ಯಾರು ಬಂದರು?…

ಶಾಂತಾ?… ನಿಮ್ಮಮ್ಮನೇ? ಅಲ್ಲಿಯೇ ನಿಂತಿದ್ದಾಳೆಯೇ?… ಯಾವಾಗಿನಿಂದ?… ಓ. ಸದ್ದು ಕೇಳಿ ಬಂದಳೇ. ಏನು ಕೇಳಿಸಿಕೊಂಡಳು?… ನೀನು ಅಜ್ಜ ಎಂದದ್ದು, ಕಣ್ಣು ಎಂದದ್ದು, ಅಷ್ಟೇ. ನೀನು ಹೇಳಬೇಡ ಅವಳಿಗೆ. ಸಂಜೆ ನಾನೇ ಒಂದು ಕಾಗದ ಬರೆಯುತ್ತೇನೆ, ಸರಿಯಾಗಿ, ಕ್ರಮವಾಗಿ, ಮೊದಲಿನಿಂದ…

ಕಾಗದ ಬೇಡವೇ…

ವಿಶ್ವನಾಥ, ನೀನು ಕೇಳುತ್ತಿರುವುದು ಸುಲಭವಲ್ಲ. ಅವಳು ಅವನ ಒಬ್ಬಳೇ ಮಗಳು. ಬಿದಿರು ಸೀಳುವವರ ಹತ್ತಿರ ಇಂದಿಗೂ ನಿಮ್ಮನ್ನು ಬಿಡುವುದಿಲ್ಲ ಅವಳು, ಅಲ್ವಾ? ಮನೆಗೆ ಬಿದಿರಿನ ತಟ್ಟಿಯನ್ನೂ ತರಿಸುವುದಿಲ್ಲ. ಜೀವಮಾನವೆಲ್ಲ ತಪ್ಪು ವಸ್ತುವಿಗೆ ಹೆದರಿದ್ದಾಳೆ, ಪಾಪ. ಅವಳಿಗೆ ನಾನು ಏನೆಂದು ಆರಂಭ ಮಾಡಲಿ?…

ಮತ್ತೊಮ್ಮೆ ಹೇಳಬೇಕೇ? ಈಗಲೇ?… ಮರಿಗೆಯಿಂದ ಬೇಡ, ಬಹುಮಾನದಿಂದ ಬೇಡ, ಅಜ್ಜನಿಂದ ಹೇಳಿ ಎನ್ನುತ್ತೀಯಾ…

ಸರಿ. ಅವಳ ಕೈಗೆ ಕೊಡು. ನೀವಿಬ್ಬರೂ ಅಲ್ಲಿಯೇ ನಿಂತಿರಿ, ಅವಳನ್ನು ಕೂರಿಸಿ…

…

ಶಾಂತಾ. ನಾನಮ್ಮ, ಸೋಮಶೇಖರ… ಹಾಂ, ಹುಡುಗನಿಗೆ ಏನೂ ಆಗಿಲ್ಲ, ನೀನೇ ನೋಡುತ್ತಿದ್ದೀಯಲ್ಲ. ಹೆದರಬೇಡ. ಕೂತಿದ್ದೀಯಾ? ಲೈನಿನಲ್ಲಿ ಏನೋ ಗರಗರ ಎನ್ನುತ್ತಿದೆ, ನನ್ನ ಮಾತು ಕೇಳಿಸುತ್ತಿದೆಯೇ?… ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನಡುವೆ ಏನೂ ಕೇಳಬೇಡ, ನಿಂತರೆ ನನಗೆ ಮತ್ತೆ ಆರಂಭ ಮಾಡಲು ಆಗುವುದಿಲ್ಲ…

ನಿಮ್ಮಪ್ಪ ಬಿದಿರು ಸೀಳಿದವನೇ ಅಲ್ಲ, ಶಾಂತಾ. ಅಂದು ಅವನು ನನಗೋಸ್ಕರ ಚಕ್ರ ತಿರುಗಿಸುತ್ತಿದ್ದ. ಬೆಳಗಿನಿಂದ ತಿರುಗಿಸಿ ಅವನ ತೋಳು ಬಾತುಕೊಂಡಿತ್ತು. ಇಂದಿಗೆ ಸಾಕು, ನಾಳೆ ಮಾಡೋಣ ಎಂದು ಎರಡು ಸಲ ಹೇಳಿದ. ಇನ್ನೊಂದೇ ಸುತ್ತು ಎಂದವನು ನಾನು. ಅವನು ನಕ್ಕು, ಮತ್ತೆ ಹಿಡಿಕೆಗೆ ಕೈ ಹಾಕಿದ. ನನ್ನ ಕೈಯಲ್ಲಿದ್ದ ಉಳಿ…

ಹಲೋ…

ಹಲೋ, ಶಾಂತಾ?… ಗರಗರ ಸದ್ದೂ ನಿಂತಿತಲ್ಲ, ಲೈನು ಮತ್ತೆ ಸತ್ತಿತೇ… ಶಾಂತಾ, ಎಲ್ಲಿಯ ತನಕ ಕೇಳಿಸಿತು ನಿನಗೆ?…